ಮೂರನೆಯ ರೊಟ್ಟಿ

ಕಂಪನಿಯ ಒಳಗುಟ್ಟನ್ನು ಕಂಪನಿಯವರೆಲ್ಲರೂ ಓದಬಹುದು ಎಂದು ಆದೇಶ ಬಂದ ದಿನ ನಾನು ಸಿಟ್ಟಿನಿಂದ ಊಟ ಬಿಟ್ಟಿದ್ದೆ. ಒಂದೇ ಹೊತ್ತು. ಸಂಜೆಗೆ ಹಸಿವು ತಡೆಯದೆ ಎರಡರಷ್ಟು ಉಂಡೆ. ಸಿಟ್ಟು ಮಾತ್ರ ಎರಡು ವರ್ಷವಾದರೂ ಇಳಿಯಲಿಲ್ಲ.

ನನ್ನ ಹೆಸರು ವಿರೂಪಾಕ್ಷ ಹಂಚಿನಮನಿ. ಹುಬ್ಬಳ್ಳಿಯ ತಾರಿಹಾಳದಲ್ಲಿರುವ ‘ನಾಡಿಯಂತ್ರ’ ಕಂಪನಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ನಾವು ಮಾಡುವುದು ಹೃದಯದ ಪಂಪು. ಸೋತ ಹೃದಯದ ಪಕ್ಕದಲ್ಲಿ ಕೂತು ಅದರ ಪರವಾಗಿ ರಕ್ತ ನೂಕುವ, ನಿಂಬೆಹಣ್ಣಿನಷ್ಟು ದಪ್ಪದ ಯಂತ್ರ. ಒಂಬತ್ತು ಸಾವಿರ ಜನರ ಎದೆಯಲ್ಲಿ ಅದು ತಿರುಗುತ್ತಿದೆ. ಅದು ಎಷ್ಟು ಜೋರಾಗಿ ತಿರುಗಬೇಕು, ಯಾವಾಗ ನಿಧಾನವಾಗಬೇಕು ಎಂದು ಹೇಳುವ ಪ್ರೋಗ್ರಾಂ ಬರೆದವನು ನಾನು. ಹನ್ನೆರಡು ವರ್ಷ ಅದನ್ನು ನಾನೊಬ್ಬನೇ ಮುಟ್ಟಿದ್ದೆ, ನಾನೊಬ್ಬನೇ ಓದಿದ್ದೆ. ಮನೆಯ ತಿಜೋರಿಯ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡ ಯಜಮಾನನ ಗತ್ತು ನನ್ನದು.

ಆಮೇಲೆ ಮಾಲೀಕರಿಗೆ ಹೊಸ ಗಾಳಿ ಬೀಸಿತು. ಜಗತ್ತಿನ ದೊಡ್ಡ ದೊಡ್ಡ ಪ್ರೋಗ್ರಾಂಗಳನ್ನೆಲ್ಲ ಗುರುತು ಪರಿಚಯವಿಲ್ಲದ ಜನ ಬಯಲಲ್ಲಿ ಬರೆಯುತ್ತಾರೆ, ಒಬ್ಬರದನ್ನು ಇನ್ನೊಬ್ಬರು ಓದಿ ತಿದ್ದುತ್ತಾರೆ. ನಮ್ಮ ಕಾಂಪೌಂಡಿನ ಒಳಗಾದರೂ ಹಾಗೆಯೇ ಯಾಕೆ ಮಾಡಬಾರದು ಎಂದರು. ಹೊರಗಿನವರಿಗೆ ಬಾಗಿಲು ಮುಚ್ಚಿಯೇ ಇರಲಿ, ಒಳಗೆ ಗೋಡೆ ಬೇಡ ಎಂದರು. ಎಲ್ಲರ ಕೆಲಸವನ್ನೂ ಎಲ್ಲರೂ ನೋಡುವ ಒಂದು ಜಾಗ ಮಾಡಿ, ಅದಕ್ಕೆ ‘ಕಟ್ಟಿ’ ಎಂದು ಹೆಸರಿಟ್ಟರು. ಊರ ಕಟ್ಟೆಯ ಮೇಲೆ ಕೂತವರು ಯಾರ ವಿಷಯಕ್ಕೆ ಬೇಕಾದರೂ ಬಾಯಿ ಹಾಕುವುದಿಲ್ಲವೇ, ಹಾಗೆ.

ಕೋಡ್ ಓದಲು ಬಾರದವರೂ ಓದಲಿ ಎಂದು ‘ದುಭಾಷಿ’ಯನ್ನು ತಂದರು. ನಾನು ಬರೆದ ಸಾಲುಗಳನ್ನು ಅದು ಸಾದಾ ಕನ್ನಡಕ್ಕೆ ತಿರುಗಿಸಿ ತೋರಿಸುತ್ತದೆ. ಗೇಟಿನ ವಾಚ್‌ಮನ್‌ನಿಂದ ಹಿಡಿದು ಕ್ಯಾಂಟೀನಿನವರ ತನಕ ಯಾರು ಬೇಕಾದರೂ ಓದಿ ತಕರಾರು ಎತ್ತಬಹುದು. ತಕರಾರಿಗೆ ಎಲ್ಲರಿಗೂ ಕಾಣುವಂತೆ ಬರೆದೇ ಉತ್ತರ ಕೊಡಬೇಕು. ಉತ್ತರ ಒಪ್ಪಿಗೆಯಾಗದಿದ್ದರೆ ಎಲ್ಲರ ಮುಂದೆ ಪರೀಕ್ಷೆ ಮಾಡಿ ತೋರಿಸಬೇಕು. ಪರೀಕ್ಷೆಯಲ್ಲಿ ತಕರಾರು ನಿಂತರೆ ಕಟ್ಟಿಗೆ ಬೀಗ. ಆಮೇಲೆ ಯಾರ ಎದೆಯ ಪಂಪಿಗಾದರೂ ಒಂದು ಆಜ್ಞೆ ಹೋಗಬೇಕೆಂದರೆ, ತಕರಾರು ಎತ್ತಿದವರೂ ಪರೀಕ್ಷೆಗೆ ಕೂತವರೂ ಇಬ್ಬರೂ ಅದನ್ನು ಓದಿ ಒಪ್ಪಬೇಕು. ಈ ನಿಯಮ ಬರೆದ ಪುಣ್ಯಾತ್ಮನನ್ನು ನಾನು ಮನಸ್ಸಿನಲ್ಲಿ ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ.

ಆದರೆ ಹೆದರಿದಷ್ಟು ಏನೂ ಆಗಲಿಲ್ಲ. ನನ್ನ ಕೋಡ್ ಕಟ್ಟಿಗೆ ಬಿದ್ದ ಐದು ನಿಮಿಷಕ್ಕೆ ಹದಿನಾರು ಒಪ್ಪಿಗೆ ಬೀಳುತ್ತಿತ್ತು. ಹಂಚಿನಮನಿ ಸರ್ ಬರೆದದ್ದು, ನಾವೇನು ನೋಡುವುದು? ಮದುವೆಮನೆಯಲ್ಲಿ ಹಿರಿಯರ ಕಾಲು ಮುಟ್ಟಿದ ಹಾಗೆ ಎಲ್ಲರೂ ಒಪ್ಪಿಗೆಯ ಗುಂಡಿ ಮುಟ್ಟಿ ಹೋಗುತ್ತಿದ್ದರು. ಓದದೇ ಒತ್ತುತ್ತಾರೆ ಎಂದು ನನಗೆ ಗೊತ್ತಿತ್ತು. ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಗುತ್ತಿತ್ತು.

ಈ ಸಲದ್ದು ಐದನೆಯ ಆವೃತ್ತಿ. ನಾಲ್ಕನೆಯದರಲ್ಲಿ ಹೃದಯದ ಸ್ವಂತ ಬಡಿತ ಬಲವಾದರೆ ಪಂಪು ಸ್ವಲ್ಪ ನಿಧಾನವಾಗುತ್ತಿತ್ತು, ಅಷ್ಟೇ. ಐದನೆಯದರಲ್ಲಿ ನಾನು ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಬಲವಾದ ಬಡಿತ ಒಂದಷ್ಟು ಹೊತ್ತು ಲಯಬದ್ಧವಾಗಿ ಬಂದರೆ ಹೃದಯ ಚೇತರಿಸಿದೆ ಎಂದು ತಿಳಿದು ಪಂಪು ಹತ್ತು ನಿಮಿಷ ಹೆಚ್ಚೂಕಡಿಮೆ ನಿಂತೇಬಿಡುತ್ತದೆ. ಹೃದಯಕ್ಕೆ ತನ್ನ ಕೆಲಸ ತಾನೇ ಮಾಡುವ ಅಭ್ಯಾಸವಾಗಲಿ ಎಂದು. ನಡುವೆ ನಿಮಿಷದೊಳಗಿನ ಬಿಡುವು ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದೂ ಬರೆದಿದ್ದೆ. ಆ ಜಾಣತನಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ನನ್ನ ಹೆಂಡತಿ ಇಂದುಮತಿಯ ಎದೆಯಲ್ಲೂ ನಮ್ಮದೇ ಪಂಪಿದೆ, ನಂಬರು ನಾನೂರಾ ಹದಿನೇಳು. ಎಲ್ಲರಿಗಿಂತ ಮೊದಲು ಅವಳಿಗೆ ಒಳ್ಳೆಯದಾಗಲಿ ಎಂದು ಶುಕ್ರವಾರ ಮಧ್ಯಾಹ್ನ, ಅವಳು ಉಂಡು ಅಡ್ಡಾಗಿದ್ದಾಗ, ಪಂಪಿಗೆ ಆಜ್ಞೆ ಕಳಿಸಲು ಮನೆಯಲ್ಲಿ ಇಟ್ಟಿರುವ ಪೆಟ್ಟಿಗೆಯಿಂದಲೇ ಐದನೆಯ ಆವೃತ್ತಿಯನ್ನು ತುಂಬಿದ್ದೆ. ತುಂಬಿದ ವಿಷಯವನ್ನು ಕಟ್ಟಿಯ ಮೇಲೆ ಹಾಕಿರಲಿಲ್ಲ. ಕಂಪನಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಸೋಮವಾರ ಭೋಗಿ, ಸಂಕ್ರಾಂತಿಯ ಹಿಂದಿನ ದಿನ. ಮಧ್ಯಾಹ್ನ ಹನ್ನೆರಡಕ್ಕೆ ಒಂಬತ್ತು ಸಾವಿರ ಜನಕ್ಕೂ ಐದನೆಯ ಆವೃತ್ತಿ ಹೋಗುವುದಿತ್ತು. ಬೆಳಿಗ್ಗೆ ಅಂಗಿ ಹಾಕಿಕೊಳ್ಳುತ್ತ ನಾನು ತಗಾದೆ ತೆಗೆದೆ.

“ಎರಡು ತಿಂಗಳಾತು, ಖಾನಾವಳಿ ರೊಟ್ಟಿ ತಿಂದು ತಿಂದು ಬಾಯಿ ಕೆಟ್ಟೇತಿ. ಇವತ್ತರ ನಿನ್ನ ಕೈಲೆ ಸಜ್ಜಿ ರೊಟ್ಟಿ ಬಡಿ. ಹಬ್ಬ ಐತಿ.”

“ಬಡಿಯಾಕ ಕುಂತ್ರ ಮೈಯಾಗ ಕಸುವ ಇರಂಗಿಲ್ರೀ,” ಎಂದಳು ಇಂದುಮತಿ.

“ಕಸುವಿಗೇನಾಗೇತಿ? ನನ್ನ ಪಂಪ್ ಐತಲ್ಲ ಎದಿಯಾಗ.”

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಆಟದ ಟೀಚರ್ ಆಗಿದ್ದವಳು, ಮಾತಿಗೆ ಕಮ್ಮಿಯಿಲ್ಲ. ಆದರೂ ವಾದಕ್ಕಿಳಿಯದೆ ಡಬ್ಬಿಯಿಂದ ಸಜ್ಜೆ ಹಿಟ್ಟು ತೆಗೆದು ಜರಡಿ ಹಿಡಿಯುತ್ತ, “ಆತು. ಹನ್ನೊಂದಕ್ಕ ಶುರು ಮಾಡ್ತೀನಿ. ಊಟಕ್ಕ ಮನಿಗೆ ಬರ್ರಿ,” ಎಂದಳು. ನಾನು ಗೆದ್ದೆ ಎಂದುಕೊಂಡು ಬೈಕು ಹತ್ತಿದೆ.

ಒಂಬತ್ತೂ ನಲವತ್ತಕ್ಕೆ ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೇಲೆ ಕೆಂಪು ಗೆರೆ ಮೂಡಿತು. ತಕರಾರು. ಎತ್ತಿದವರು ಮೆಹರುನ್ನಿಸಾ ನದಾಫ್, ಫೋನ್ ವಿಭಾಗ. ವಿಷಯ: ರೊಟ್ಟಿ.

ನಮ್ಮ ತಂಡದವರೆಲ್ಲ ನಕ್ಕರು. ನಾನೂ ನಕ್ಕೆ. ಕೆಳಗಿನ ಮಹಡಿಯಲ್ಲಿ ರೋಗಿಗಳ ದೂರು ಕೇಳಿಸಿಕೊಳ್ಳುವ ಆರು ಜನರಲ್ಲಿ ಅವಳೊಬ್ಬಳು. ಬರೆದದ್ದು ಹೀಗಿತ್ತು: ‘ಐದು ತಿಂಗಳಲ್ಲಿ ಇಪ್ಪತ್ತಮೂರು ಜನ ಕಣ್ಣು ಕತ್ತಲೆ ಬರುತ್ತದೆ ಎಂದು ಫೋನ್ ಮಾಡಿದ್ದಾರೆ. ಎಲ್ಲರೂ ಹೆಂಗಸರು. ಆಗ ಏನು ಮಾಡುತ್ತಿದ್ದಿರಿ ಎಂದು ಒಬ್ಬೊಬ್ಬರನ್ನೂ ಕೇಳಿದೆ. ರೊಟ್ಟಿ ಬಡಿಯುತ್ತಿದ್ದೆವು ಎಂದರು. ದುಭಾಷಿಯಲ್ಲಿ ಪ್ರೋಗ್ರಾಂ ಪೂರ್ತಿ ಓದಿದೆ. ಎದೆಯಲ್ಲಿ ಬಡಿತ ಬಲವಾಗಿ ಬಂದರೆ ಹೃದಯ ಚೇತರಿಸಿದೆ ಎಂದು ತಿಳಿ ಎಂದಿದೆ. ಕೈಯ ಬಡಿತವನ್ನೂ ಹೃದಯದ ಬಡಿತವನ್ನೂ ಯಂತ್ರ ಹೇಗೆ ಬೇರೆ ಮಾಡುತ್ತದೆ ಎಂದು ಎಲ್ಲಿಯೂ ಇಲ್ಲ.’

ಪೂರ್ತಿ ಓದಿದ್ದಾಳಂತೆ. ನನಗೆ ಮೈಯೆಲ್ಲ ಉರಿಯಿತು. ಉತ್ತರ ಬರೆದೆ: ‘ಕೈಯ ಅಲುಗಾಟ ಎದೆಯ ಒಳಗೆ ತಲುಪುವುದಿಲ್ಲ. ನಡಿಗೆ, ಮೆಟ್ಟಿಲು, ಸೈಕಲ್ಲು ಎಲ್ಲದರಲ್ಲೂ ಪರೀಕ್ಷೆಯಾಗಿದೆ. ತಕರಾರು ಮುಗಿಯಿತು.’ ಕೆಳಗೆ ಪಟಪಟನೆ ಹದಿನಾರು ಒಪ್ಪಿಗೆ ಬಿದ್ದವು.

ಅವಳಿಂದ ಒಂದೇ ಸಾಲು ಬಂತು: ‘ಉತ್ತರ ಒಪ್ಪಿಗೆಯಿಲ್ಲ. ಪರೀಕ್ಷೆ ಬೇಕು.’

ನಮ್ಮ ಮುಖ್ಯಸ್ಥ ಅನಿರುದ್ಧ ಗಲಗಲಿ ಧಾವಿಸಿ ಬಂದ. ನನಗಿಂತ ಹದಿನೈದು ವರ್ಷ ಚಿಕ್ಕವನು, ಬೆವರು ಒರೆಸಿಕೊಳ್ಳುತ್ತಿದ್ದ. “ಹನ್ನೆರಡಕ್ಕ ಬಿಡುಗಡೆ ಅದ ಹಂಚಿನಮನಿಯವರ. ನಾಲ್ಕು ರಾಜ್ಯದ ಡಾಕ್ಟರು ಪರದೆ ಮುಂದ ಬಂದು ಕೂಡ್ತಾರ. ಆಕೀನ್ನ ಹ್ಯಾಂಗರ ಸಮಾಧಾನ ಮಾಡ್ರಿ.”

ಮೆಹರುನ್ನಿಸಾಳನ್ನು ಮೇಲೆ ಕರೆಸಿ ವರಾಂಡದಲ್ಲಿ ನಿಲ್ಲಿಸಿಕೊಂಡೆ. ಇಪ್ಪತ್ತೇಳು ಇಪ್ಪತ್ತೆಂಟು ವಯಸ್ಸು, ಕೈಯಲ್ಲಿ ಒಂದು ನೋಟ್‌ಬುಕ್ಕು. ನಯವಾಗಿಯೇ ಶುರು ಮಾಡಿದೆ.

“ನೋಡವಾ, ನಾ ಹದಿನಾಲ್ಕು ವರ್ಷದಿಂದ ಇದನ್ನ ಬರೀತೀನಿ. ಇವತ್ತೊಂದಿನ ತಕರಾರು ಹಿಂದಕ್ಕ ತಗೋ. ಮುಂದಿನ ವಾರ ನಾನ ಕೂತು ನೋಡ್ತೀನಿ.”

“ಇಲ್ಲಿ ಹೇಳಿದ್ದು ಕಟ್ಟಿ ಮ್ಯಾಲೆ ಇರಂಗಿಲ್ಲಲ್ರಿ ಸರ,” ಎಂದಳು. ನೋಟ್‌ಬುಕ್ಕು ಬಿಚ್ಚಿ ಹೆಸರುಗಳ ಪಟ್ಟಿ ತೋರಿಸಿದಳು. “ಮುಂದಿನ ವಾರದೊಳಗ ಇವರೆಲ್ಲಾ ರೊಟ್ಟಿ ಬಡೀತಾರ. ಇಪ್ಪತ್ತಮೂರು ಮಂದಿನೂ ನನಗ ಗೊತ್ರಿ. ನಾನ ಮಾತಾಡೀನಿ.”

“ಆತು,” ಎಂದೆ. ಕೋಪ ನೆತ್ತಿಗೇರಿತ್ತು. “ಎಲ್ಲಾರ ಮುಂದ ತೋರಿಸಿಬಿಡ್ತೀನಿ. ಆಮ್ಯಾಲೆ ಈ ಕಡೆ ಬರಬಾರದು ನೀ.”

ಸಲಕರಣೆ ಹೊಂದಿಸುವಷ್ಟರಲ್ಲಿ ಹನ್ನೊಂದಾಯಿತು. ಮೇಜಿನ ಮೇಲೆ ಗಾಜಿನ ತೊಟ್ಟಿ, ಅದರಲ್ಲಿ ಕೆಂಪು ನೀರು, ನೀರಿನಲ್ಲಿ ಐದನೆಯ ಆವೃತ್ತಿ ತುಂಬಿದ ಪಂಪು. ನಿಮಿಷಕ್ಕೆ ಐದು ಸಾವಿರದ ಇನ್ನೂರು ಸುತ್ತು ತಿರುಗುತ್ತಿತ್ತು. ಕ್ಯಾಂಟೀನಿನಲ್ಲಿ ಹಬ್ಬದೂಟಕ್ಕೆ ರೊಟ್ಟಿ ಬಡಿಯುತ್ತಿದ್ದ ಕಾಶವ್ವನನ್ನು ಹಿಟ್ಟು, ಹಲಗೆ, ಒಲೆ ಸಮೇತ ಕರೆತಂದರು. ಅವಳ ಎದೆಗೆ ಪಂಪಿನೊಳಗೆ ಇರುವಂಥದ್ದೇ ಸಂವೇದಕವೊಂದನ್ನು ಪಟ್ಟಿಯಿಂದ ಬಿಗಿದು, ಅದರ ತಂತಿಯನ್ನು ತೊಟ್ಟಿಗೆ ಜೋಡಿಸಿದೆವು.

“ಕರೆಂಟ್ ಹೊಡಿಯಂಗಿಲ್ಲಲ್ರಿ ಸಾಹೇಬ್ರ?” ಎಂದಳು ಕಾಶವ್ವ.

“ಇಲ್ಲ. ನೀ ದಿನಾ ಬಡಿದಂಗ ಬಡಿ.”

ಕಾಶವ್ವ ಸೆರಗು ಸಿಕ್ಕಿಸಿ ಕೂತಳು. ಹಿಟ್ಟಿನ ಉಂಡೆಗೆ ಅಂಗೈ ಬಿತ್ತು. ತಪ್ಪ್, ತಪ್ಪ್, ತಪ್ಪ್. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಬೆಳಗಾದರೆ ಅವ್ವನ ಒಲೆಯ ಮುಂದಿನಿಂದ, ಮದುವೆಯಾದ ಮೇಲೆ ಇಂದುಮತಿಯ ಒಲೆಯ ಮುಂದಿನಿಂದ. ಆ ಕೈ ಸೊಂಟದಿಂದ ಭುಜದ ತನಕ ಇಡೀ ಮೈಯನ್ನು ನಡುಗಿಸುತ್ತದೆ ಎಂದು ನಾನು ಅವತ್ತೇ ನೋಡಿದ್ದು. ರೊಟ್ಟಿಯನ್ನು ತಿಂದಿದ್ದೆ, ಬಡಿಯುವವಳ ಕಡೆ ನೋಡಿರಲಿಲ್ಲ. ನಮ್ಮ ತಂಡದ ಹನ್ನೊಂದೂ ಗಂಡಸರು ಹಾಗೆಯೇ.

ಮೊದಲ ರೊಟ್ಟಿಗೆ ಪಂಪು ನಾಲ್ಕು ಸಾವಿರದ ಆರುನೂರಕ್ಕೆ ಇಳಿಯಿತು. ಕಾಶವ್ವ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರುವಾಗ ಮತ್ತೆ ಏರಿತು. ಎರಡನೆಯದಕ್ಕೂ ಇಳಿಯಿತು, ಏರಿತು. ಮೂರನೆಯ ರೊಟ್ಟಿ ಹಲಗೆಯ ಮೇಲೆ ಅಗಲವಾಗುತ್ತಿದ್ದಂತೆ ಪರದೆಯಲ್ಲಿ ‘ಹೃದಯ ಚೇತರಿಸಿದೆ, ವಿಶ್ರಾಂತಿ’ ಎಂಬ ಹಸಿರು ಅಕ್ಷರ ಬಂತು. ನಾನೇ ಬರೆದ ಅಕ್ಷರ. ಮೂರು ಸಾವಿರ, ಸಾವಿರದ ಏಳುನೂರು, ಒಂಬೈನೂರು. ತೊಟ್ಟಿಯೊಳಗೆ ಕೆಂಪು ನೀರಿನ ಸುಳಿ ಸಡಿಲವಾಗಿ ನಿಂತಿತು.

ಕಾಶವ್ವ ಒಬ್ಬಳೇ ಇನ್ನೂ ಬಡಿಯುತ್ತಿದ್ದಳು. “ಸಾಕು ಕಾಶವ್ವ,” ಎಂದ ಗಲಗಲಿ.

ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಹನ್ನೆರಡು. ಹನ್ನೊಂದಕ್ಕೆ ಶುರು ಮಾಡುತ್ತೇನೆ ಎಂದಿದ್ದಳು ಇಂದುಮತಿ. ನಾನೂರಾ ಹದಿನೇಳನೆಯ ಪಂಪನ್ನು ಪರದೆಗೆ ತಂದೆ. ಐದು ಸಾವಿರದ ಇನ್ನೂರು. ನೋಡುತ್ತಿದ್ದಂತೆ ನಾಲ್ಕು ಸಾವಿರದ ಆರುನೂರು.

“ಇದು ಯಾರದು?” ಎಂದ ಗಲಗಲಿ.

“ನನ್ನ ಹೆಂಡತಿದು. ಶುಕ್ರವಾರ ಐದನೇದು ತುಂಬೇನಿ. ಈಗ ಆಕಿ ರೊಟ್ಟಿ ಬಡಿಯಾಕತ್ತಾಳ. ನಾನ ಬಡಿ ಅಂದೆ.”

ಮನೆಗೆ ಫೋನ್ ಹಚ್ಚಿದೆ. ಹಿಟ್ಟಿನ ಕೈಯವಳು ಎತ್ತಲಿಲ್ಲ. ಪಕ್ಕದ ಮನೆಯವರು ಹಬ್ಬಕ್ಕೆಂದು ಊರಿಗೆ ಹೋಗಿದ್ದರು. ಮನೆ ಇಪ್ಪತ್ತು ನಿಮಿಷದ ದಾರಿ. ಪರದೆಯಲ್ಲಿ ವೇಗ ಮತ್ತೆ ಏರಿತು. ಒಂದು ರೊಟ್ಟಿ ಮುಗಿದಿತ್ತು. ಅದು ಒಂದನೆಯದೋ ಎರಡನೆಯದೋ ನನಗೆ ತಿಳಿಯದು.

ಕೀಲಿಮಣೆಯ ಮೇಲೆ ಬಿದ್ದೆ. ‘ನಾನೂರಾ ಹದಿನೇಳು, ನಾಲ್ಕನೆಯ ಆವೃತ್ತಿಗೆ ಹಿಂತಿರುಗು.’ ಒತ್ತುವುದೇ ತಡ, ಹನ್ನೊಂದು ಒಪ್ಪಿಗೆ ಬಂದವು. ನನ್ನ ಹುಡುಗರು ಗಾಬರಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಒತ್ತಿದ್ದರು. ಅವು ಉಪಯೋಗಕ್ಕೆ ಬರುವಂತಿರಲಿಲ್ಲ. ಕಟ್ಟಿಗೆ ಬೀಗ ಬಿದ್ದಿತ್ತು. ಇನ್ನು ಬೇಕಾದದ್ದು ಎರಡೇ ಒಪ್ಪಿಗೆ, ಮೆಹರುನ್ನಿಸಾಳದು ಮತ್ತು ಕಾಶವ್ವನದು.

“ಒತ್ತವಾ, ಲಗೂ ಒತ್ತು!” ಎಂದು ಕೂಗಿದೆ.

ಮೆಹರುನ್ನಿಸಾ ಪರದೆಗೆ ಮುಖ ಹಚ್ಚಿ ದುಭಾಷಿಯ ಸಾಲುಗಳ ಮೇಲೆ ಬೆರಳಾಡಿಸುತ್ತಿದ್ದಳು. “ಸರ, ಇದರಾಗ ಎರಡನೇ ಸಾಲು ನೋಡ್ರಿ. ಪಂಪನ್ನು ನಲವತ್ತು ಸೆಕೆಂಡು ಪೂರ್ತಿ ನಿಲ್ಲಿಸು ಅಂತೈತಿ.”

“ಆವೃತ್ತಿ ಬದಲಿ ಮಾಡಬೇಕಾದ್ರ ನಿಲ್ಲಿಸಬೇಕಾಗ್ತೈತಿ! ಶುಕ್ರವಾರನೂ ನಿಂತಿತ್ತು!”

“ಶುಕ್ರವಾರ ಅಕ್ಕಾರು ಮಲಗಿದ್ರೇನು, ಕುಂತಿದ್ರೇನು?”

ಮಲಗಿದ್ದಳು. ಈಗ ಒಲೆಯ ಮುಂದೆ ಕೂತಿದ್ದಾಳೆ, ಆಗಲೇ ರಕ್ತದ ಓಟ ಕಡಿಮೆಯಾಗಿ ದಣಿದಿದ್ದಾಳೆ. ಈ ಹೊತ್ತಿನಲ್ಲಿ ನಲವತ್ತು ಸೆಕೆಂಡು ಪಂಪು ನಿಂತರೆ ಅವಳು ನೇರ ಉರಿಯ ಮೇಲೆ ಬೀಳುತ್ತಾಳೆ. ನನ್ನ ಕೈಯಾರೆ, ಹನ್ನೊಂದು ಜನರ ಒಪ್ಪಿಗೆಯ ಮೇಲೆ, ಅವಳನ್ನು ಕೊಲ್ಲಲು ಹೊರಟಿದ್ದೆ.

“ಆ ವಿಶ್ರಾಂತಿ ಅನ್ನೋದನ್ನ ಅಷ್ಟ ತಗಿಯಾಕ ಬರಂಗಿಲ್ಲೇನ್ರಿ?” ಎಂದಳು ಮೆಹರುನ್ನಿಸಾ. “ಪಂಪು ತಿರಗಕೋತ ಇರ್ಲಿ.”

ಬರುತ್ತದೆ. ಎರಡೇ ಸಾಲು. ನನಗೇ ಹೊಳೆಯಬೇಕಿತ್ತು. ಬರೆಯುವಾಗ ಬೆರಳು ಮೂರು ಸಲ ತಪ್ಪಿತು. ಪರದೆಯಲ್ಲಿ ನಾನೂರಾ ಹದಿನೇಳು ಮತ್ತೆ ಇಳಿಯತೊಡಗಿತ್ತು. ನಾಲ್ಕು ಸಾವಿರದ ಆರುನೂರು ದಾಟಿ ಕೆಳಗೆ ಹೋಯಿತು. ಮೂರು ಸಾವಿರ. ಅದು ಮೂರನೆಯ ರೊಟ್ಟಿ.

ಮೆಹರುನ್ನಿಸಾ ಎರಡೂ ಸಾಲು ಓದಿ ಒತ್ತಿದಳು. ಕಾಶವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಬಂದಳು. ಮೂರನೆಯ ಇಯತ್ತೆ ಓದಿದವಳು. ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದಳು.

“ವಿ... ಶ್ರಾಂ... ತಿ... ನಿಯಮ... ತೆಗೆ.”

ಒಂಬೈನೂರು. ಅದರ ಮೇಲೆ ಅದೇ ಹಸಿರು ಅಕ್ಷರ. ಹೃದಯ ಚೇತರಿಸಿದೆ.

“ಕಾಶವ್ವ, ನಿನ್ನ ಕಾಲ ಬೀಳ್ತೀನಿ.”

“ತಡೀರಿ ಸಾಹೇಬ್ರ. ವೇ... ಗ... ಐದು ಸಾವಿರದ... ಇನ್ನೂರಕ್ಕಿಂತ... ಕೆಳಗೆ ಬೇಡ. ಹಂಗಂದ್ರೇನ್ರಿ?”

“ಆಕಿ ಪಂಪ್ ನಿಲ್ಲಬಾರದು ಅಂತ.”

“ಮತ್ತ ಹಂಗ ಬರೀಬೇಕಿತ್ತಲ್ರಿ,” ಎಂದು ಕಾಶವ್ವ ಹೆಬ್ಬೆರಳು ಒತ್ತಿದಳು.

ನಾಲ್ಕು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಒಂಬೈನೂರು ಹೋಗಿ ಎರಡು ಸಾವಿರವಾಯಿತು, ನಾಲ್ಕಾಯಿತು, ಐದು ಸಾವಿರದ ಇನ್ನೂರಕ್ಕೆ ಬಂದು ನಿಂತಿತು. ಹುಡುಗರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಒಂದು ನಿಮಿಷ ಐವತ್ತು ಸೆಕೆಂಡು ಪಂಪು ಮಲಗಿತ್ತು. ಸತ್ತವರ ಎದೆಯಲ್ಲೂ ನಮ್ಮ ಪಂಪು ಇಷ್ಟೇ ಚೆನ್ನಾಗಿ ತಿರುಗುತ್ತದೆ. ಅದು ನನಗೆ ಗೊತ್ತಿತ್ತು.

ಗಲಗಲಿಯೇ ಕಾರು ಓಡಿಸಿದ. ಬಿಡುಗಡೆ ನಿಲ್ಲಿಸಲು ದಾರಿಯಲ್ಲೇ ಫೋನಿನಲ್ಲಿ ಹೇಳಿದ. ನನ್ನ ಕಡೆ ತಿರುಗಿ ನೋಡಲಿಲ್ಲ. ನಾನು ಮನೆಗೆ ಫೋನ್ ಹಚ್ಚುತ್ತಲೇ ಇದ್ದೆ. ಆ ಕಡೆ ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಉಣಕಲ್ ಕ್ರಾಸಿನ ಸಿಗ್ನಲ್ಲಿನಲ್ಲಿ ನಾನು ಮಗುವಿನ ಹಾಗೆ ಅತ್ತುಬಿಟ್ಟೆ.

ಬಾಗಿಲು ತೆರೆದೇ ಇತ್ತು. ಮನೆ ತುಂಬ ಸುಟ್ಟ ವಾಸನೆ. ಇಂದುಮತಿ ಅಡುಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಹಣೆಯಲ್ಲಿ ಗುಬುಟು ಎದ್ದಿತ್ತು, ತುಟಿ ಬೆಳ್ಳಗಾಗಿತ್ತು. ಬೀಳುವ ಮೊದಲು ಗ್ಯಾಸು ಆರಿಸಿದ್ದಳು.

“ಒಂದು ರೊಟ್ಟಿ ಕರಕಾತು ನೋಡ್ರಿ,” ಎಂದಳು.

ಡಾಕ್ಟರು ಬಂದು ನೋಡಿ, ಭಯವಿಲ್ಲ ಎಂದು ಹೇಳಿ ಹೋದರು. ಅವಳ ಪಕ್ಕದಲ್ಲಿ ಮಂಚದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಶುಕ್ರವಾರದ್ದು, ತಕರಾರಿನದ್ದು, ತೊಟ್ಟಿಯದ್ದು. ಅವಳು ಸೂರು ನೋಡುತ್ತ ಕೇಳಿಸಿಕೊಂಡಳು.

“ಕಣ್ಣು ಕತ್ತಲಿ ಬರ್ತೈತಿ ಅಂತ ನನಗ ಒಂದ ಮಾತು ಯಾಕ ಹೇಳಲಿಲ್ಲ?” ಎಂದು ಕೇಳಿದೆ.

“ಹೇಳೀನಲ್ಲ. ನಿಮ್ಮ ಕಂಪನಿಗೆ ಮೂರು ಸಲ ಫೋನ್ ಮಾಡೇನಿ. ಇವರ ಹೆಂಡತಿ ಅಂತ ಯಾರಿಗೂ ಹೇಳಬ್ಯಾಡವಾ ಅಂದೆ ಆ ಹುಡುಗಿಗೆ.”

“ಮನಿಯಾಗ ನಾ ಇದ್ದೆನಲ್ಲ!”

“ನಿಮಗ ಹೇಳಿದ್ರ ನೀವು ಉತ್ತರ ಕೊಡ್ತಿದ್ರಿ,” ಎಂದಳು ಇಂದುಮತಿ. “ಆಕಿ ಉತ್ತರ ಕೊಡಲಿಲ್ಲ. ಏನ ಮಾಡಾಕತ್ತಿದ್ರಿ ಅಕ್ಕಾ ಅಂತ ಕೇಳಿದ್ಲು.”

ನಾಲ್ಕು ಗಂಟೆಗೆ ನಾನು ಲ್ಯಾಪ್‌ಟಾಪು ತೆಗೆದು ಕಟ್ಟಿಯ ಮೇಲೆ ಹಾಕಲು ಒಂದು ತಕರಾರು ಬರೆದೆ. ಎತ್ತಿದವರು ವಿರೂಪಾಕ್ಷ ಹಂಚಿನಮನಿ, ಯಾರ ಮೇಲೆ ಎಂಬಲ್ಲಿಯೂ ಅದೇ ಹೆಸರು. ಬಿಡುಗಡೆಯಾಗದ ಆವೃತ್ತಿಯನ್ನು ಯಾರಿಗೂ ತಿಳಿಸದೆ ಒಬ್ಬ ರೋಗಿಯ ಪಂಪಿಗೆ ತುಂಬಿದ್ದು, ಇಪ್ಪತ್ತಮೂರು ಜನರ ದೂರನ್ನು ಎರಡು ಸಾಲಿನಲ್ಲಿ ತಳ್ಳಿಹಾಕಿದ್ದು, ತಕರಾರು ಹಿಂದಕ್ಕೆ ತಗೋ ಎಂದು ವರಾಂಡದಲ್ಲಿ ಒತ್ತಾಯ ಮಾಡಿದ್ದು. ಇದನ್ನು ಹಾಕಿದರೆ ಕೆಲಸ ಹೋಗಬಹುದು. ಹೋಗಲಿ ಎನಿಸಿತು. ಒತ್ತುವ ಮೊದಲು ಇಂದುಮತಿ ಕೈ ಚಾಚಿದಳು.

“ಇಲ್ಲಿ ಕೊಡ್ರಿ, ನೋಡೋಣು.”

ಕನ್ನಡಕ ಹಾಕಿಕೊಂಡು ನಿಧಾನಕ್ಕೆ ಓದಿದಳು. “ಎಲ್ಲಾ ಖರೇ ಬರ್ದೀರಿ. ಇದೊಂದು ಬಿಟ್ಟು,” ಎಂದು ಬೆರಳಿಟ್ಟಳು. ‘ರೋಗಿಯ ಒಪ್ಪಿಗೆ ಪಡೆದು’ ಎಂದಿತ್ತು ಅಲ್ಲಿ. ಹತ್ತೊಂಬತ್ತು ವರ್ಷದಿಂದ ಪ್ರತಿ ಕಾಗದದಲ್ಲೂ ಬರೆದು ಬರೆದು ಕೈ ತಾನಾಗಿ ಬರೆದುಬಿಟ್ಟಿತ್ತು.

“ನನ್ನ ಯಾವಾಗ ಕೇಳಿದ್ರಿ?”

ಆ ಸಾಲನ್ನು ಅಳಿಸಿ, ‘ರೋಗಿಯನ್ನು ಕೇಳಲಿಲ್ಲ’ ಎಂದು ಬರೆದು ಲ್ಯಾಪ್‌ಟಾಪನ್ನು ಮತ್ತೆ ಅವಳ ಮುಂದೆ ಇಟ್ಟೆ. ಅವಳು ಕನ್ನಡಕ ಸರಿ ಮಾಡಿಕೊಂಡು ಮತ್ತೆ ಮೊದಲ ಸಾಲಿನಿಂದ ಓದತೊಡಗಿದಳು.